ಸಾವ್ಕಾರ್ರ ಹತ್ತಿರ ಬಿಟ್ಟ ದುಡ್ಡು

ಮೂಡಿಗೆರೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಬಸ್ಸಿನ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಕಾಫಿ ಎಂದರೆ ಹೂವಿನ ಘಮ, ಹುರಿದ ಬೀಜದ ಪರಿಮಳ ಎಂದು ಬರೆಯುವವರು ಜನವರಿಯಲ್ಲಿ ಈ ಕಡೆ ಬಂದಿರುವುದಿಲ್ಲ. ಜನವರಿಯಲ್ಲಿ ಇಲ್ಲಿ ಮೂಗಿಗೆ ಬಡಿಯುವುದು ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ವಾಸನೆ. ಹಣ್ಣು ಸುಲಿದ ಸಿಪ್ಪೆಯನ್ನು ಎಸ್ಟೇಟಿನವರು ಗುಡ್ಡೆ ಹಾಕಿರುತ್ತಾರೆ. ಅದು ಕೊಳೆತು ಹುಳಿ ಹಿಡಿದು, ಹಳಸಿದ ಅನ್ನಕ್ಕೆ ಯಾರೋ ಬೆಲ್ಲ ಕಲಸಿಟ್ಟ ಹಾಗೆ ನಾರುತ್ತದೆ. ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡರು. ನಾನು ಕಿಟಕಿ ಮುಚ್ಚಲಿಲ್ಲ. ಹಿಂದೆ ಈ ಊರಿನಲ್ಲಿ ನಾನು ಕಳೆದಿದ್ದ ಒಂದು ವರ್ಷದ ಸುಸ್ತೆಲ್ಲ ಆ ವಾಸನೆಯ ಜೊತೆಗೇ ಮತ್ತೆ ಮೈಗೆ ಹತ್ತಿತು.

ಅವತ್ತು ಬೆಳಿಗ್ಗೆ ಮಂಜಪ್ಪನವರ ಫೋನ್ ಬಂದಿತ್ತು. ಮಂಜಪ್ಪ ಎಂದರೆ ಜಾವಳಿ ಕಡೆಯ ಒಂದು ಎಸ್ಟೇಟಿನ ಕೆಲಸಗಾರ, ನನ್ನ ಹಳೆಯ ವಿದ್ಯಾರ್ಥಿನಿ ಸೌಮ್ಯಳ ಅಪ್ಪ. ಹೆಂಡತಿಗೆ ಉಸಿರಾಟದ ತೊಂದರೆ ಜಾಸ್ತಿಯಾಗಿ ಮೂಡಿಗೆರೆಯ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದರು. ಬನ್ನಿ ಎಂದು ಕರೆಯಲಿಲ್ಲ, ಏನೂ ಕೇಳಲಿಲ್ಲ. ಆದರೂ ನಾನು ರಜೆ ಹಾಕಿ ಬಸ್ಸು ಹತ್ತಿದ್ದೆ.

ನಾನು ಕಡೂರಿನವಳು, ಬಯಲುಸೀಮೆಯವಳು. ಎಂ.ಕಾಂ. ಮುಗಿಸಿ ಎಲ್ಲೂ ಕಾಯಂ ಕೆಲಸ ಸಿಗದೆ ಅಲೆದಾಡಿ, ಕೆಲವು ವರ್ಷಗಳ ಹಿಂದೆ ಮೂಡಿಗೆರೆಯ ಹೊರವಲಯದ ಒಂದು ಸಣ್ಣ ಖಾಸಗಿ ಕಾಲೇಜಿಗೆ ಪಾಠ ಮಾಡಲು ಬಂದಿದ್ದೆ. ಮಳೆ ನಿಲ್ಲುವ ಹೊತ್ತಿಗೆ ಪ್ರಿನ್ಸಿಪಾಲರು ನನ್ನನ್ನು ಕರೆದು ಹೊಸದೊಂದು ವಿಷಯ ಕೈಗೆ ಕೊಟ್ಟರು. ಬಿ.ಎ. ಕೊನೆಯ ವರ್ಷದವರಿಗೆ ವೈಯಕ್ತಿಕ ಹಣಕಾಸು. ಉಳಿತಾಯ, ಖರ್ಚಿನ ಅಂದಾಜು, ಬ್ಯಾಂಕು, ವಿಮೆ, ಸಾಲ. ಬೇರೆ ಯಾರೂ ಒಪ್ಪದ ಕೆಲಸ ಹೊಸಬರ ತಲೆಗೆ ಬೀಳುವುದು ಎಲ್ಲ ಕಡೆಯೂ ಇದ್ದದ್ದೇ. ಪುಸ್ತಕವೊಂದು ಇತ್ತು. ಅದನ್ನು ಬರೆದವರಿಗೆ ಪ್ರತಿ ತಿಂಗಳೂ ಒಂದನೇ ತಾರೀಖು ಸಂಬಳ ಬರುತ್ತಿತ್ತು ಎಂದು ಮೊದಲ ಪುಟದಲ್ಲೇ ಗೊತ್ತಾಗುತ್ತಿತ್ತು.

ನನಗೆ ಸಂಬಳ ಬರುತ್ತಿರಲಿಲ್ಲ. ಕೇಳಲು ಹೋದರೆ ಪ್ರಿನ್ಸಿಪಾಲರು ಪಾಪ, ತಾವೇ ತಪ್ಪು ಮಾಡಿದವರ ಹಾಗೆ ಕುರ್ಚಿ ತೋರಿಸುತ್ತಿದ್ದರು. “ಫೀಸು ಬರ್ಲಿ ಮೇಡಂ. ಕುಯ್ಲು ಮುಗೀಲಿ, ಕಾಫಿ ಮಾರ್ಲಿ, ಆಮೇಲೆ ಪೇರೆಂಟ್ಸ್ ಕಟ್ತಾರೆ. ಇಲ್ಲಿ ಎಲ್ಲರದ್ದೂ ಹಂಗೇ.” ಅದು ನಿಜವೂ ಆಗಿತ್ತು. ಆ ಊರಿನಲ್ಲಿ ಬಟ್ಟೆ ಅಂಗಡಿಯವರು, ಜೀಪಿನವರು, ಔಷಧಿ ಅಂಗಡಿಯವರು ಎಲ್ಲರೂ ಕಾಫಿ ಮಾರುವುದನ್ನೇ ಕಾಯುತ್ತಿದ್ದರು. ನಾನು ಬೆಳಿಗ್ಗೆ ತರಗತಿಯಲ್ಲಿ ನಿಂತು, ಆರು ತಿಂಗಳ ಖರ್ಚಿಗೆ ಆಗುವಷ್ಟು ಆಪದ್ಧನ ಯಾವಾಗಲೂ ಕೈಯಲ್ಲಿರಬೇಕು ಎಂದು ಪಾಠ ಹೇಳುತ್ತಿದ್ದೆ. ಸಂಜೆ ರೂಮಿಗೆ ಹೋಗುವಾಗ ಮನೆ ಓನರ್ ಗಿರಿಜಮ್ಮನವರ ಅಂಗಡಿಯ ಮುಂದೆ ತಲೆ ತಗ್ಗಿಸಿ ಮೆಟ್ಟಿಲು ಹತ್ತುತ್ತಿದ್ದೆ.

ಗಿರಿಜಮ್ಮನವರದು ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ನನ್ನ ರೂಮು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಯಾವಾಗಲೂ ಒಂದು ಅಳತೆ ಟೇಪು. ಗಂಡ ತೀರಿದ ಮೇಲೆ ವ್ಯಾಪಾರವನ್ನು ಒಬ್ಬರೇ ನಡೆಸುತ್ತಿದ್ದರು. ನಾನು ತಲೆ ತಗ್ಗಿಸಿದಷ್ಟೂ ಅವರು ಜೋರಾಗಿ ಕೂಗುತ್ತಿದ್ದರು: “ಎಂಥ ಮೇಡಂ, ಕಳ್ಳರ ಹಂಗೆ ಹತ್ತಿ ಹೋಗ್ತೀರಿ! ಅಕ್ಕಿರೊಟ್ಟಿ ಇದೆ, ತಿಂದ್ಕೊಂಡು ಹೋಗಿ.” ಬಾಡಿಗೆಯ ಮಾತು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಬಂದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಡಿಸೆಂಬರ್ ಬಂದಂತೆ ತರಗತಿ ಖಾಲಿಯಾಗತೊಡಗಿತು. ಕುಯ್ಲಿನ ಕಾಲದಲ್ಲಿ ಕೆ.ಜಿ. ಲೆಕ್ಕದಲ್ಲಿ ಕೂಲಿ. ಕೈ ಚುರುಕಾಗಿರುವ ಹುಡುಗಿಯರು ಕಾಲೇಜು ಬಿಟ್ಟು ತೋಟಕ್ಕೆ ಹೋಗುವುದು ಅಲ್ಲಿ ಅಪರಾಧವೇನಲ್ಲ. ಸೌಮ್ಯ ಮಾತ್ರ ಭಾನುವಾರ, ರಜಾದಿನ ತೋಟ, ಉಳಿದ ದಿನ ಕಾಲೇಜು ಎಂದು ಹೇಗೋ ಹೊಂದಿಸಿಕೊಂಡಿದ್ದಳು. ಮುಂಗೈ ತುಂಬ ಚಗಳಿ ಇರುವೆ ಕಚ್ಚಿದ ಗುರುತು, ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಕಪ್ಪು. ಮೊದಲ ಬೆಂಚಿನಲ್ಲಿ ಕೂತು ತೂಕಡಿಸುತ್ತಿದ್ದಳು. ನಾನು ಎಬ್ಬಿಸುತ್ತಿರಲಿಲ್ಲ.

ಒಂದು ದಿನ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೇಳಿದೆ: “ನಿಮ್ಮ ದುಡ್ಡು ಎಲ್ಲಿದೆ ಹೇಳಿ.”

ಎಲ್ಲರೂ ನಕ್ಕರು. ಒಬ್ಬ ಮೊಬೈಲ್ ಎತ್ತಿ ತೋರಿಸಿದ. ಒಬ್ಬಳದು ಅಮ್ಮನ ಚೀಟಿಯಲ್ಲಿತ್ತು. ಮತ್ತೊಬ್ಬ, “ಬೈಕಲ್ಲಿ ಹಾಕಾಗಿದೆ ಮೇಡಂ,” ಎಂದ. ಸೌಮ್ಯ ತೂಕಡಿಕೆಯಿಂದ ಎದ್ದವಳು ಹೇಳಿದಳು: “ನಂದು ಸಾವ್ಕಾರ್ರ ಹತ್ರ ಇದೆ.”

“ಸಾಲ ಕೊಟ್ಟಿದ್ದೀಯಾ ಅವರಿಗೆ?”

“ಅಯ್ಯೋ, ಸಾಲ ಎಂಥದು ಮೇಡಂ. ಬಿಟ್ಟಿದೀನಿ. ಪಿ.ಯು.ಸಿ. ಇಂದ ಕುಯ್ದಿದ್ದೆಲ್ಲ ಅವ್ರ ಹತ್ರಾನೇ ಬಿಟ್ಟಿದೀನಿ.”

“ಬಡ್ಡಿ?”

“ಬಡ್ಡಿಯಾ? ಅವ್ರೇನು ಬ್ಯಾಂಕಾ!” ಎಂದಳು. ಈಗ ತರಗತಿ ನಕ್ಕಿದ್ದು ನನ್ನನ್ನು ನೋಡಿ.

ಎಸ್ಟೇಟ್ ಲೈನಿನ ಸಾಲುಮನೆಗಳಿಂದ ಬರುತ್ತಿದ್ದ ಉಳಿದ ಮಕ್ಕಳೂ ಬಾಯಿ ಬಿಟ್ಟಾಗಲೇ ನನಗೆ ವಿಷಯ ತಿಳಿದದ್ದು. ವಾರದ ಬಟವಾಡೆಯಲ್ಲಿ, ಅಂದರೆ ಕೂಲಿ ಹಂಚುವ ದಿನ, ಸಂತೆ ಖರ್ಚಿಗೆ ಬೇಕಾದಷ್ಟನ್ನು ಮಾತ್ರ ಕೈಯಲ್ಲಿ ಇಸಿದುಕೊಂಡು ಉಳಿದದ್ದನ್ನು ಎಸ್ಟೇಟಿನಲ್ಲೇ ಬಿಡುವ ರೂಢಿ ಕೆಲವು ಹಳೆಯ ಮನೆತನಗಳಲ್ಲಿ ಇನ್ನೂ ಇತ್ತು. ಸಾವ್ಕಾರ್ರು, ಅಂದರೆ ಎಸ್ಟೇಟಿನ ಮಾಲೀಕರು, ಅದನ್ನು ಇಟ್ಟುಕೊಂಡಿರುತ್ತಾರೆ. ಮದುವೆಗೋ ಮನೆಯ ಹೆಂಚಿಗೋ ಬೇಕಾದಾಗ ಕೊಡುತ್ತಾರೆ. ಬಿಟ್ಟದ್ದಕ್ಕಿಂತ ಹೆಚ್ಚು ಬೇಕಾದರೂ ಕೊಡುತ್ತಾರೆ. ಬರಹ, ರಸೀದಿ ಯಾವುದೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಈ ಕಾಲದಲ್ಲಿ, ಕೈಯಲ್ಲಿ ಮೊಬೈಲ್ ಹಿಡಿದ ಮಕ್ಕಳು!

ಸೌಮ್ಯ ಆಮೇಲೆ ಸ್ಟಾಫ್ ರೂಮಿಗೆ ಬಂದಳು. ಅವಳಿಗೆ ಬಿ.ಎಡ್. ಮಾಡಬೇಕಿತ್ತು. ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಸೀಟು ಕೊಡುವುದಾಗಿ ಹೇಳಿದ್ದರು, ಆದರೆ ಬೇಸಿಗೆ ರಜೆಗೆ ಮುಂಚೆ ಮುಂಗಡ ಕಟ್ಟಬೇಕು. ಅವಳು ಬಿಟ್ಟ ದುಡ್ಡು ಅದಕ್ಕೆ ಸರಿಹೋಗುತ್ತಿತ್ತು. ಕಟ್ಟದಿದ್ದರೆ ಸೀಟು ಬೇರೆಯವರಿಗೆ. ಆಮೇಲೆ ಉಳಿಯುವುದು ತೋಟ, ಇಲ್ಲವೇ ಮದುವೆ.

“ಕೇಳು ಮತ್ತೆ. ನಿನ್ನ ದುಡ್ಡು ತಾನೇ?”

“ಕೇಳೋದು ಹೆಂಗೆ ಮೇಡಂ?” ಎಂದಳು. ದುಡ್ಡಿನ ಬಗ್ಗೆ ಅಷ್ಟು ಪಾಠ ಮಾಡಿದ್ದೆ, ಈ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿರಲಿಲ್ಲ. ನನ್ನ ಸಂಬಳವನ್ನೇ ನಾನು ಗಟ್ಟಿಯಾಗಿ ಕೇಳುತ್ತಿರಲಿಲ್ಲವಲ್ಲ.

ಅವಳ ಒತ್ತಾಯಕ್ಕೆ ಒಂದು ಭಾನುವಾರ ಜಾವಳಿಗೆ ಹೋದೆ. ಬಿಸಿಲು ಚುರುಗುಟ್ಟುತ್ತಿದ್ದರೂ ಗಾಳಿ ತಣ್ಣಗಿತ್ತು. ಮಂಜಪ್ಪನವರು ತೆಳ್ಳಗಿನ ಆಳು, ಮಾತು ಕಡಿಮೆ. ಲೈನ್ ಮನೆಯ ಮುಂದೆ ನನಗೆ ಕುರ್ಚಿ ಹಾಕಿ ತಾವು ಕಟ್ಟೆಯ ಮೇಲೆ ಕೂತರು. ಹೆಂಡತಿ ರತ್ನಮ್ಮ ಒಳಗಿನಿಂದ ಬೆಲ್ಲದ ಕಾಫಿ ತಂದರು. ನಾನು ಖಾತೆ, ಪಾಸ್‌ಬುಕ್ಕು, ಬಡ್ಡಿ ಎಂದೆಲ್ಲ ಹೇಳುತ್ತಾ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಖಾತೆ ಇದೆ ಮೇಡಂ. ಇಲ್ಲ ಅಂತಲ್ಲ,” ಎಂದರು. “ಇವ್ಳು ಹುಟ್ಟೋವಾಗ ರತ್ನನ್ನ ಉಳ್ಸೋದೇ ಕಷ್ಟ ಅಂದಿದ್ರು. ಜೋರು ಮಳೆ. ಸಾವ್ಕಾರ್ರು ಊಟದ ತಟ್ಟೆ ಬಿಟ್ಟು ಎದ್ದು ಬಂದು ಜೀಪ್ ತೆಗ್ದ್ರು. ಚಿಕ್ಕಮಗ್ಳೂರಿನವರೆಗೂ ಅವ್ರೇ ಓಡ್ಸಿದ್ದು. ಎಷ್ಟಾಯ್ತು ಅಂತ ಅವ್ರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಈಗ ನಾನು ಹೋಗಿ ನಮ್ದು ಕೊಡಿ ಅಂದ್ರೆ, ನಿಮ್ಮ ಸವಾಸ ಸಾಕು ಅಂದಂಗೆ ಆಗ್ತದೆ.”

“ಅದು ಉಪಕಾರ. ಇದು ಕೂಲಿ. ಎರಡೂ ಬೇರೆ ಬೇರೆ,” ಎಂದೆ.

“ನಿಮ್ಗೆ ಬೇರೆ ಮೇಡಂ,” ಎಂದು ಅವರು ಮೆಲ್ಲಗೆ ಹೇಳಿದರು. ನನಗೆ ಸಿಟ್ಟು ಬಂದಿತ್ತು, ಆದರೆ ಬೆಲ್ಲದ ಕಾಫಿಯ ಲೋಟ ಕೈಯಲ್ಲಿತ್ತು. ಕುಡಿದು ಎದ್ದು ಬಂದೆ.

ಕೊನೆಗೆ ಸೌಮ್ಯ ತಾನೇ ಕೇಳಿದಳು. ಕಣದಲ್ಲಿ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗಲು ಹರಡಿದ್ದಾಗ, ಸಾವ್ಕಾರ್ರು ಒಬ್ಬರೇ ಇದ್ದ ಹೊತ್ತು ನೋಡಿಕೊಂಡು. ಅವರು ನಕ್ಕು, “ಕೊಡಣ ಮಗ, ಎಲ್ಲಿ ಓಡೋಗ್ತದೆ ಅದು? ಕಾಫಿ ಲೋಡ್ ಹೋಗ್ಲಿ,” ಎಂದರಂತೆ. ಲೋಡ್ ಹೋಯಿತು. ಇನ್ನೊಮ್ಮೆ ಕೇಳಿದಾಗ, “ರೊಬಸ್ಟಾ ಕುಯ್ಲು ಮುಗೀಲಿ.” ಅದೂ ಮುಗಿಯಿತು. “ಹೂವಿನ ಮಳೆ ಆಗ್ಲಿ ಮಾರಾಯ್ತಿ, ಈಗ ಸ್ಪ್ರಿಂಕ್ಲರಿಗೆ ಡೀಸೆಲ್ ಹಾಕೋದೇ ಆಗಿದೆ.” ಅದೇ ವಾರ ಪ್ರಿನ್ಸಿಪಾಲರೂ ನನಗೆ, ಕಾಫಿ ಗಿಡ ಹೂ ಬಿಡಲು ಬೇಕಾದ ಆ ಹೂವಿನ ಮಳೆಯ ಮಾತನ್ನೇ ಹೇಳಿದ್ದರು. ನಾವಿಬ್ಬರೂ ಸ್ಟಾಫ್ ರೂಮಿನಲ್ಲಿ ಕೂತು ಅದನ್ನು ಹೇಳಿಕೊಂಡು ನಕ್ಕೆವು. ಆಮೇಲೆ ಇಬ್ಬರಿಗೂ ನಗು ಬರುವುದು ನಿಂತಿತು.

ಸಾವ್ಕಾರ್ರು ಮೋಸಗಾರರಲ್ಲ. ಇದನ್ನು ನಾನು ಅವತ್ತೂ ಹೇಳುತ್ತಿದ್ದೆ, ಇವತ್ತೂ ಹೇಳುತ್ತೇನೆ. ಅವರ ಕೈಯಲ್ಲಿ ದುಡ್ಡಿರಲಿಲ್ಲ ಎಂದೂ ಅಲ್ಲ. ಹುಡುಗಿಯೊಬ್ಬಳು ತನ್ನ ದುಡ್ಡಿಗೆ ಒಂದು ದಿನ ಗೊತ್ತುಮಾಡಿ ಬಂದು ಕೇಳುತ್ತಾಳೆ ಎನ್ನುವುದೇ ಅವರ ತಲೆಗೆ ಹೋಗಲಿಲ್ಲ. ತಮ್ಮ ಮನೆಯ ಮಗು ಚಾಕಲೇಟು ಕೇಳಿದ ಹಾಗೆ ಅಂದುಕೊಂಡರು.

ಹೂವಿನ ಮಳೆ ಆಯಿತು. ಗುಡ್ಡವೆಲ್ಲ ಕಾಫಿ ಹೂವಿನಿಂದ ಬೆಳ್ಳಗಾಗಿ, ದೇವರಮನೆ ಬೆಟ್ಟಕ್ಕೆ ಹೋಗುವ ಪ್ರವಾಸಿಗರು ರಸ್ತೆಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ನನಗೆ ಆ ಘಮಕ್ಕೆ ತಲೆನೋವು ಬಂತು. ಚಿಕ್ಕಮಗಳೂರಿನ ಕಾಲೇಜಿನವರು ಸೌಮ್ಯಳಿಗೆ ಫೋನ್ ಮಾಡಿ, ಸೋಮವಾರದೊಳಗೆ ಕಟ್ಟದಿದ್ದರೆ ಸೀಟು ಬೇರೆಯವರಿಗೆ ಕೊಡುತ್ತೇವೆ ಎಂದರು. ಅದರ ಹಿಂದಿನ ಶನಿವಾರ ಬಟವಾಡೆ ಇತ್ತು. ನಾನು ಅಲ್ಲಿರಲಿಲ್ಲ. ಮಾರನೆಯ ದಿನ ನನ್ನ ರೂಮಿಗೆ ಬಂದು ಅವಳು ಹೇಳಿದ ಹಾಗೆ ಬರೆಯುತ್ತೇನೆ.

ಆಫೀಸಿನ ಮುಂದೆ ಎಲ್ಲರೂ ಸಾಲಾಗಿ ನಿಂತಿದ್ದರು. ಲೆಕ್ಕ ಬರೆಯುವ ರೈಟರು ಹೆಸರು ಕೂಗುತ್ತಿದ್ದರು, ಸಾವ್ಕಾರ್ರು ಪಕ್ಕದ ಕುರ್ಚಿಯಲ್ಲಿದ್ದರು. ಇವಳ ಹೆಸರು ಬಂದಾಗ ಕೂಲಿ ಇಸಿದುಕೊಂಡವಳು ಅಲ್ಲೇ ನಿಂತಳು. “ಸಾವ್ಕಾರ್ರೇ, ನಾನು ಬಿಟ್ಟಿದ್ದು ಎಲ್ಲ ಬೇಕು. ಇವತ್ತೇ ಬೇಕು. ಸೋಮವಾರ ಕಟ್ಬೇಕು,” ಎಂದಳು. ಎಲ್ಲರ ಎದುರಿಗೆ. ಮಂಜಪ್ಪನವರು ಸಾಲಿನಲ್ಲಿ ನಾಲ್ಕು ಜನರ ಹಿಂದಿದ್ದರು.

“ಬೈದ್ರಾ?” ಎಂದು ಕೇಳಿದೆ.

“ಬೈದಿದ್ರೆ ಚೆನ್ನಾಗಿತ್ತು ಮೇಡಂ. ಒಳಗೆ ಹೋಗಿ ತಂದು ಕೊಟ್ರು. ಒಂದು ರೂಪಾಯಿ ಕಮ್ಮಿ ಇಲ್ಲ. ಎಣ್ಸ್ಕೋ ಮಗ ಅಂದ್ರು. ಎಣಿಸ್ದೆ. ಆಮೇಲೆ ಅಪ್ಪನ್ನ ಕರ್ದ್ರು. ಮಂಜಪ್ಪ, ನಿಂದೂ ಇದೆ ತಗೋ ಅಂತ ಅಪ್ಪಂದು ಎಲ್ಲಾ ಕೊಟ್ಬಿಟ್ರು. ಅಪ್ಪ ಬೇಡ ಬೇಡ ಅಂದ್ರೂ ಕೈಗೆ ಇಟ್ರು. ಬ್ಯಾಂಕಲ್ಲಿ ಇಡಿ, ಬಡ್ಡಿ ಬರ್ತದೆ, ಒಳ್ಳೇದು ಅಂದ್ರು.”

ಒಳ್ಳೆಯ ಮಾತೇ. ನಾನು ವರ್ಷವಿಡೀ ಹೇಳಿದ್ದೂ ಅದನ್ನೇ. ಆದರೆ ಅದನ್ನು ಹೇಳುವಾಗ ಸೌಮ್ಯಳ ಮುಖ ಇಳಿದುಹೋಗಿತ್ತು. ಅವಳು ಸೋಮವಾರ ಹೋಗಿ ಸೀಟಿಗೆ ಕಟ್ಟಿ ಬಂದಳು.

ಅದೇ ಹೊತ್ತಿಗೆ ಕಾಲೇಜಿನಲ್ಲಿ ಫೀಸು ಬಂತು, ನನ್ನ ಬಾಕಿ ಸಂಬಳವೂ ಒಟ್ಟಿಗೆ ಬಂತು. ನಾನು ಬ್ಯಾಂಕಿನಿಂದ ಸೀದಾ ಗಿರಿಜಮ್ಮನವರ ಅಂಗಡಿಗೆ ಹೋಗಿ ಅಷ್ಟೂ ಬಾಡಿಗೆಯನ್ನು ಕೌಂಟರಿನ ಮೇಲಿಟ್ಟೆ. ಎದೆಯ ಭಾರ ಇಳಿಯಿತು ಎಂದುಕೊಂಡರೆ, ಅವರು ದುಡ್ಡು ಮುಟ್ಟದೆ ನನ್ನ ಮುಖವನ್ನೇ ನೋಡಿದರು.

“ರೂಮ್ ಖಾಲಿ ಮಾಡ್ತಿದ್ದೀರಾ ಮೇಡಂ?”

“ಇಲ್ಲ ಗಿರಿಜಮ್ಮ. ಬಾಕಿ ಇತ್ತಲ್ಲ, ಅದಕ್ಕೆ.”

“ಹೌದಾ. ಒಮ್ಮೆಗೇ ಎಲ್ಲಾ ತಂದು ಇಟ್ರಲ್ಲ, ಏನೋ ಬೇಜಾರಾಯ್ತು ಅಂದ್ಕೊಂಡೆ,” ಎಂದವರು ಒಂದು ತಿಂಗಳ ಬಾಡಿಗೆಯಷ್ಟನ್ನು ತೆಗೆದು ನನ್ನ ಕಡೆ ತಳ್ಳಿದರು. “ಇದು ಇರ್ಲಿ ಬಿಡಿ. ಮುಂದೆ ನೋಡಣ.” ಅವರ ದನಿ ಮತ್ತೆ ಮೊದಲಿನಂತಾಯಿತು. ಆ ದುಡ್ಡನ್ನು ಮತ್ತೆ ಪರ್ಸಿಗೆ ಹಾಕಿಕೊಳ್ಳುವಾಗ ನನಗೆ ಜಾವಳಿಯ ಕಟ್ಟೆಯ ಮೇಲೆ ಕೂತಿದ್ದ ಮಂಜಪ್ಪ ನೆನಪಾದರು. ಅವರು ಹೇಳಿದ್ದು ಅಂದು ನನ್ನ ಕಿವಿಗೆ ಬಿದ್ದಿತ್ತು, ಅಷ್ಟೇ.

ಕೆಲವು ದಿನ ಕಳೆದ ಮೇಲೆ ಮಂಜಪ್ಪನವರೇ ಮೂಡಿಗೆರೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ. ಮೆಟ್ಟಿಲ ಮೇಲೆಯೇ ನಿಂತರು, ಒಳಗೆ ಬರಲಿಲ್ಲ. ಬೈಯಲು ಬಂದಿದ್ದಾರೆ ಎಂದು ನಾನು ಸಿದ್ಧಳಾಗಿದ್ದೆ. ಬೈದರೆ ಬೈಸಿಕೊಳ್ಳುವಷ್ಟು ಸುಸ್ತಾಗಿತ್ತು ನನಗೆ.

“ಸಾವ್ಕಾರ್ರು ಈಗ ಜೀಪ್ ನಿಲ್ಸಿ ಮಾತಾಡ್ಸಲ್ಲ ಮೇಡಂ,” ಎಂದರು. ದೂರಿನ ಹಾಗೆ ಹೇಳಲಿಲ್ಲ. “ಕೆಲ್ಸ ಇದೆ, ಮನೆ ಇದೆ, ವಾರ ವಾರ ಕೂಲಿ ಪೂರ್ತಿ ಕೈಗೆ ಕೊಡ್ತಾರೆ. ಏನೂ ಕಮ್ಮಿ ಮಾಡಿಲ್ಲ.” ಆಮೇಲೆ ಚೀಲವನ್ನು ನನ್ನ ಕಡೆ ಚಾಚಿದರು. “ಇದು ನನ್ನ ದುಡ್ಡು. ನೀವೇ ಇಟ್ಕೊಳ್ಳಿ.”

“ನಾನಾ? ನಾನು ಯಾಕೆ? ನನಗೆ ಇಲ್ಲಿ ಕಾಯಂ ಕೆಲಸವೂ ಇಲ್ಲ.”

“ಯಾರ ಹತ್ರಾದ್ರೂ ಬಿಡ್ಬೇಕಲ್ಲ ಮೇಡಂ.”

ಆ ಚೀಲ ಹಿಡಿದರೆ ಈ ಮನೆಯ ಜ್ವರ, ಹೆರಿಗೆ, ಮದುವೆ ಎಲ್ಲದಕ್ಕೂ ನಾನೇ ಎದ್ದು ಓಡಬೇಕು. ನನ್ನ ಹತ್ತಿರ ಜೀಪಿರಲಿ, ಬರುವ ತಿಂಗಳು ಎಲ್ಲಿರುತ್ತೇನೆ ಎಂಬ ಗ್ಯಾರಂಟಿಯೂ ಇರಲಿಲ್ಲ. ಹೆದರಿಕೆಯಾಯಿತು. ಚಪ್ಪಲಿ ಮೆಟ್ಟಿಕೊಂಡು ಅವರನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಬ್ಯಾಂಕಿಗೆ ಕರೆದುಕೊಂಡು ಹೋದೆ.

ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನು. ಉತ್ತರ ಕನ್ನಡದ ಕಡೆಯವನಂತೆ, ತಾಳ್ಮೆಯಿಂದ ಎಲ್ಲ ತುಂಬಿಸಿಕೊಂಡ. ಅವರ ಖಾತೆಗೆ ದುಡ್ಡು ಕಟ್ಟಿಸಿಕೊಂಡು ಹೊಸ ಪಾಸ್‌ಬುಕ್ಕು ಕೊಟ್ಟ ಮೇಲೂ ಮಂಜಪ್ಪನವರು ಅಲ್ಲಿಂದ ಕದಲಲಿಲ್ಲ.

“ಸಾರ್, ನಿಮ್ಮ ಹೆಸರು?”

ಹುಡುಗ ಹೇಳಿದ.

“ಊರಲ್ಲೇ ಇರ್ತೀರಾ?”

“ಟ್ರಾನ್ಸ್‌ಫರ್ ಆಗಬಹುದು. ಯಾಕೆ?”

“ಸುಮ್ನೆ. ನಿಮ್ಮ ನಂಬರ್ ಕೊಟ್ಟಿರ್ತೀರಾ? ಮನೇಲಿ ಹುಷಾರಿಲ್ಲದಾಗ ಬೇಕಾಗ್ತದೆ.”

ಆ ಹುಡುಗ ನನ್ನ ಮುಖ ನೋಡಿದ. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ನಾನು ಮಂಜಪ್ಪನವರ ತೋಳು ಹಿಡಿದು ಹೊರಗೆ ಕರೆತಂದು, ಒಂದು ಚೀಟಿಯಲ್ಲಿ ನನ್ನ ನಂಬರು ಬರೆದು ಕೊಟ್ಟೆ. ಅವರು ಅದನ್ನು ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡರು. ನನಗೆ ಅಲ್ಲೇ ರಸ್ತೆಯಲ್ಲಿ ಅಳು ಬಂತು, ಯಾರಿಗಾಗಿ ಎಂದು ಗೊತ್ತಾಗಲಿಲ್ಲ.

ಮಳೆಗಾಲಕ್ಕೆ ಮುಂಚೆ ನಾನು ಕೆಲಸ ಬಿಟ್ಟು ಕಡೂರಿಗೆ ಹೊರಟೆ. ಗಿರಿಜಮ್ಮನವರಿಗೆ ಆ ಒಂದು ತಿಂಗಳ ಬಾಡಿಗೆ ಕೊಡಲು ಹೋದರೆ, “ಬರ್ತಾ ಇರ್ತೀರಲ್ಲ, ಆಗ ಕೊಡಿ,” ಎಂದರು. ಅದು ಈಗಲೂ ಬಾಕಿ ಇದೆ. ಸೌಮ್ಯ ಬಿ.ಎಡ್. ಮುಗಿಸಿ ಮೂಡಿಗೆರೆಯಲ್ಲೇ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಾಳೆ.

ಅವತ್ತು ನಾನು ಬಸ್ಸಿಳಿದು ಹೋದಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ಮಂಜಪ್ಪನವರು ಬೆಂಚಿನ ತುದಿಯಲ್ಲಿ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡೊಡನೆ ಎದ್ದು ನಿಂತರು. “ಅಯ್ಯೋ, ನೀವು ಬಂದ್ರಾ ಮೇಡಂ! ದುಡ್ಡಿದೆ. ದುಡ್ಡಿಗಲ್ಲ ಫೋನ್ ಮಾಡಿದ್ದು. ಯಾರಿಗಾದ್ರೂ ಹೇಳ್ಬೇಕಲ್ಲ ಅಂತ ಮಾಡ್ದೆ.”

“ಗೊತ್ತು, ಕೂತ್ಕೊಳ್ಳಿ,” ಎಂದೆ. ಪಕ್ಕದಲ್ಲಿ ನಾನೂ ಕೂತೆ.

ರತ್ನಮ್ಮನವರ ಉಸಿರು ಹದಕ್ಕೆ ಬಂದಿತ್ತು. ಸೌಮ್ಯ ಕೌಂಟರಿನಲ್ಲಿ ಮೊಬೈಲಿನಿಂದ ಬಿಲ್ಲು ಕಟ್ಟಿ ಬಂದಳು. ವಿಮೆ ಮಾಡಿಸಿದ್ದೇನೆ ಮೇಡಂ, ಎಮರ್ಜೆನ್ಸಿಗೆ ಅಂತ ಬೇರೆ ಇಟ್ಟಿದ್ದೇನೆ, ನೀವು ಹೇಳಿಕೊಟ್ಟಿದ್ದಲ್ವಾ ಎಂದಳು. ಹೌದು ಎಂದೆ. ಅವಳನ್ನು ನೋಡಿ ನಿಜವಾಗಿಯೂ ಹೆಮ್ಮೆಯಾಯಿತು.

ಅಷ್ಟರಲ್ಲಿ ಹೊರಗೆ ಜೀಪೊಂದು ಬಂದು ನಿಂತ ಸದ್ದಾಯಿತು. ಮಂಜಪ್ಪನವರು ಥಟ್ಟನೆ ಬಾಗಿಲ ಕಡೆ ತಿರುಗಿ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಒಳಗೆ ಬಂದದ್ದು ಬೇರೆ ಯಾರೋ, ಬೇರೆ ಯಾರದೋ ಮಗುವನ್ನು ಎತ್ತಿಕೊಂಡು.

“ಅಪ್ಪ, ಆಂಬ್ಯುಲೆನ್ಸಿನವ್ರಿಗೂ ಕೊಟ್ಟಾಯ್ತು. ಎಲ್ಲಾ ಕಟ್ಟಾಯ್ತು. ಯಾರಿಗೂ ಏನೂ ಬಾಕಿ ಇಲ್ಲ,” ಎಂದಳು ಸೌಮ್ಯ.

“ಹೌದು ಮಗ,” ಎಂದರು ಮಂಜಪ್ಪ. ಹೊರಗೆ ಇನ್ನೊಂದು ಜೀಪು ಬಂತು, ಅವರು ಮತ್ತೆ ಬಾಗಿಲ ಕಡೆ ನೋಡಿದರು.